ಆಯಿಲ್ ಡಬ್ಬಿಯ ಹಿಂಬದಿ

ಬೆಂಗಳೂರಿನ ಜೆ.ಸಿ. ರಸ್ತೆಯ ಯಾವ ಆಯಿಲ್ ಅಂಗಡಿಗೆ ಹೋಗಿ ‘ಫುಲ್ ಸಿಂಥೆಟಿಕ್ ಕೊಡಿ’ ಅಂದರೂ ಮೊದಲು ಬರುವ ಪ್ರಶ್ನೆ ‘ಯಾವ ಗಾಡಿಗೆ ಸಾರ್?’ ಎಂಬುದು. ಪೋರ್ಷೆ ಅಂದರೆ ಸಾಕು, ಅಂಗಡಿಯವರ ಕೈ ಸೀದಾ ಮೇಲಿನ ಸಾಲಿಗೆ ಹೋಗುತ್ತದೆ. ದುಬಾರಿ ಕಾರಿಗೆ ದುಬಾರಿ ಆಯಿಲ್ ಎಂಬುದು ಅವರ ಲೆಕ್ಕ. ಕೌಂಟರಿನ ಮೇಲೆ ಮೂರು ಡಬ್ಬಿ ಬಂದು ಕೂರುತ್ತವೆ. ಮೂರರ ಮೇಲೂ ‘ಫುಲ್ಲಿ ಸಿಂಥೆಟಿಕ್’ ಎಂದು ಹೊಳೆಯುವ ಅಕ್ಷರ. ಒಂದರ ಬೆಲೆ ಮಾತ್ರ ಇನ್ನೊಂದರ ಎರಡರಷ್ಟು. ಯಾಕಪ್ಪಾ ಎಂದರೆ, ‘ಇದು ರೇಸಿಂಗ್ ಆಯಿಲ್ ಸಾರ್, ಅದು ಮಾಮೂಲಿ’ ಎಂಬ ಉತ್ತರ.

ನನ್ನದು 2007ರ ಪೋರ್ಷೆ ಕೇಮನ್. ಸೆಕೆಂಡ್ ಹ್ಯಾಂಡ್. 2.7 ಲೀಟರ್, ಆರು ಸಿಲಿಂಡರ್, 245 ಅಶ್ವಶಕ್ತಿ. ಪೀಣ್ಯದಲ್ಲಿ ಒಂದು ಸಣ್ಣ ಮೆಷಿನ್ ಶಾಪ್ ಇಟ್ಟುಕೊಂಡಿರುವ ನನಗೆ ಆಯಿಲ್ ಹೊಸ ವಸ್ತುವಲ್ಲ. ಹೈಡ್ರಾಲಿಕ್ ಆಯಿಲ್, ಸ್ಪಿಂಡಲ್ ಆಯಿಲ್, ಕಟಿಂಗ್ ಆಯಿಲ್ ಎಲ್ಲವೂ ಬೆಳಗಾದರೆ ಕೈಗೆ ಮೆತ್ತಿಕೊಳ್ಳುವಂಥವೇ. ಆದರೂ ಈ ಕಾರು ಬಂದ ಮೇಲೆ ತಿಳಿದುಕೊಂಡದ್ದು ಬಹಳ. ಇಷ್ಟು ವರ್ಷಗಳ ನಂತರ ಹೇಳುವುದಾದರೆ, ಸ್ಪೋರ್ಟ್ಸ್ ಕಾರಿಗೆ ಆಯಿಲ್ ಆರಿಸುವ ಕೆಲಸ ಮುಕ್ಕಾಲು ಪಾಲು ಡಬ್ಬಿಯ ಹಿಂಬದಿ ಓದುವುದರಲ್ಲೇ ಮುಗಿಯುತ್ತದೆ. ಉಳಿದ ಕಾಲು ಪಾಲಿಗೆ ಡಬ್ಬಿ ಸಹಾಯ ಮಾಡುವುದಿಲ್ಲ. ಕಾರನ್ನು ನಾವು ಹೇಗೆ ಓಡಿಸುತ್ತೇವೆ ಎಂಬುದನ್ನು ನೋಡಿಕೊಳ್ಳಬೇಕು.

ಮೊದಲು ಸಿಂಥೆಟಿಕ್ ವಿಚಾರ. ಡಬ್ಬಿಯೊಳಗೆ ಹೆಚ್ಚಿನ ಪಾಲು ಬೇಸ್ ಆಯಿಲ್, ಉಳಿದದ್ದು ಅಡಿಟಿವ್. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ, ಬೇಸ್ ಆಯಿಲ್‌ಗಳನ್ನು ಐದು ಗುಂಪು ಮಾಡಿದೆ. ಒಂದು ಮತ್ತು ಎರಡನೆಯವು ಕಚ್ಚಾ ತೈಲವನ್ನು ಶುದ್ಧಮಾಡಿ ತೆಗೆದವು. ಮೂರನೆಯದೂ ಕಚ್ಚಾ ತೈಲದಿಂದಲೇ ಬಂದದ್ದು, ಆದರೆ ಅದನ್ನು ಹೈಡ್ರೋಜನ್ ಜೊತೆ ಭಾರೀ ಒತ್ತಡ, ಶಾಖಕ್ಕೆ ಒಡ್ಡಿ ಅಣುಗಳ ಆಕಾರವನ್ನೇ ಬದಲಿಸಿರುತ್ತಾರೆ. ನಾಲ್ಕನೆಯದು ಪಿಎಒ, ಎಥಿಲೀನ್‌ನಿಂದ ಹೊರಟು ಕಾರ್ಖಾನೆಯಲ್ಲಿ ಕಟ್ಟಿದ್ದು. ಎಸ್ಟರ್ ಮೊದಲಾದ ಉಳಿದೆಲ್ಲವೂ ಐದನೆಯ ಗುಂಪು. ಮೂರನೆಯ ಗುಂಪಿನದನ್ನು ಸಿಂಥೆಟಿಕ್ ಎಂದು ಮಾರಬಹುದೇ ಎಂದು ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ದೊಡ್ಡ ಜಗಳವೇ ಆಯಿತು. 1999ರಲ್ಲಿ ಅಲ್ಲಿನ ಜಾಹೀರಾತು ದೂರುಗಳನ್ನು ನೋಡುವ ಮಂಡಳಿ ಕ್ಯಾಸ್ಟ್ರಾಲ್ ಪರ ನಿಂತಿತು. ಅಲ್ಲಿಂದೀಚೆಗೆ ಮೂರನೆಯ ಗುಂಪಿನ ಆಯಿಲ್ ಸಿಂಥೆಟಿಕ್ ಎಂಬ ಹೆಸರಲ್ಲೇ ಮಾರಾಟವಾಗುತ್ತಿದೆ. ನಮ್ಮ ಅಂಗಡಿಗಳಲ್ಲಿ ಕೂತಿರುವುದರಲ್ಲೂ ಬಹಳಷ್ಟು ಅದೇ.

ಇದನ್ನು ಕೇಳಿ ಮೋಸ ಹೋದೆವೆಂದು ಹಲುಬುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಚೆನ್ನಾಗಿ ಮಾಡಿದ ಮೂರನೆಯ ಗುಂಪಿನ ಆಯಿಲ್ ನಮ್ಮ ಹವೆಯಲ್ಲಿ ಯಾವ ಕೆಲಸಕ್ಕೂ ಕಡಿಮೆಯಲ್ಲ. ಪಿಎಒ ಎದ್ದು ತೋರುವುದು ಸೊನ್ನೆಗಿಂತ ಬಹಳ ಕೆಳಗಿನ ಚಳಿಯಲ್ಲಿ ಮತ್ತು ಬಹಳ ಹೊತ್ತು ಸುಡುವ ಶಾಖದಲ್ಲಿ. ಅಷ್ಟಕ್ಕೂ ಇಂಜಿನ್‌ಗೆ ಬೇಕಾದದ್ದು ಬೇಸ್ ಆಯಿಲ್‌ನ ಕುಲಗೋತ್ರವಲ್ಲ, ಪರೀಕ್ಷೆಯಲ್ಲಿ ಪಾಸಾದ ಪೂರ್ತಿ ಮಿಶ್ರಣ. ಆದ್ದರಿಂದ ಮುಂಬದಿಯ ಹೊಳೆಯುವ ಅಕ್ಷರ ನೋಡಿ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ.

ಆಮೇಲೆ ಗ್ರೇಡ್. ಎಲ್ಲರೂ ವಾದಕ್ಕಿಳಿಯುವುದು ಇಲ್ಲಿಯೇ. ನಮ್ಮ ಮೇಸ್ತ್ರಿ ಅಂಬಾಸಡರ್ ಕಾಲದಿಂದ ಸ್ಪ್ಯಾನರ್ ಹಿಡಿದವರು. ಅವರ ಸಲಹೆ: ‘ನಮ್ಮೂರ ಸೆಖೆಗೆ ತೆಳ್ಳಗಿರೋದು ನಿಲ್ಲಲ್ಲ ಸಾರ್, 20ಡಬ್ಲ್ಯೂ-50 ಹಾಕಿಬಿಡಿ, ಇಂಜಿನ್ ಮೆತ್ತಗಿರ್ತದೆ.’ ಮೆತ್ತಗಿರುತ್ತದೆ ಎಂದರೆ ಶಬ್ದ ಕಡಿಮೆ ಎಂದರ್ಥ. ಅದು ನಿಜ ಕೂಡ. ಸವೆದ ಹಳೇ ಇಂಜಿನ್‌ನ ಟ್ಯಾಪೆಟ್ ಸದ್ದು ದಪ್ಪ ಆಯಿಲ್‌ನಿಂದ ಅಡಗುತ್ತದೆ. ಆದರೆ ಶಬ್ದ ಅಡಗಿಸುವುದು ಬೇರೆ, ಸವೆತ ತಡೆಯುವುದು ಬೇರೆ.

0ಡಬ್ಲ್ಯೂ-40 ಎಂಬುದರಲ್ಲಿ ಮೊದಲ ಅಂಕಿ ಚಳಿಯದು. 0ಡಬ್ಲ್ಯೂ ಆಯಿಲ್ ಮೈನಸ್ 35 ಡಿಗ್ರಿಯಲ್ಲಿ ಇಂಜಿನ್ ತಿರುಗಿಸಲು ಬಿಡುವಷ್ಟು ತೆಳುವಾಗಿರಬೇಕು. 5ಡಬ್ಲ್ಯೂ ಮೈನಸ್ 30ರಲ್ಲಿ. 15ಡಬ್ಲ್ಯೂ ಮೈನಸ್ 20ರಲ್ಲಿ. ಬೆಂಗಳೂರಿನ ದಾಖಲೆಯಲ್ಲಿರುವ ಅತಿ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಾಗಾಗಿ 0ಡಬ್ಲ್ಯೂ, 5ಡಬ್ಲ್ಯೂ ನಡುವಿನ ವ್ಯತ್ಯಾಸಕ್ಕೆ ಇಲ್ಲಿ ತಲೆಕೆಡಿಸಿಕೊಳ್ಳಬೇಕಿಲ್ಲ. 20ಡಬ್ಲ್ಯೂ ಮಾತ್ರ ಬೇರೆ ಕತೆ. ಜನವರಿ ಬೆಳಿಗ್ಗೆ ಹದಿನೈದು ಡಿಗ್ರಿಯಲ್ಲೂ ಅದು ಕಾಕಂಬಿಯಂತೆ ತೆವಳುತ್ತದೆ. ಪಂಪು ಒತ್ತಿದಷ್ಟೂ ರಿಲೀಫ್ ವಾಲ್ವ್ ತೆರೆದುಕೊಂಡು ಆಯಿಲ್ ಹಿಂದಕ್ಕೇ ಹರಿಯುತ್ತದೆ. ಮೀಟರಿನಲ್ಲಿ ಪ್ರೆಶರ್ ಭರ್ಜರಿಯಾಗಿ ಕಂಡರೂ ಮೇಲಿನ ಕ್ಯಾಮ್‌ಶಾಫ್ಟ್‌ಗಳಿಗೆ ತಲುಪುವುದು ತಡ. ಈ ಕಾರಿನ ಇಂಜಿನ್‌ನಲ್ಲಿ ವಾಲ್ವ್‌ಗಳ ಟೈಮಿಂಗ್ ಬದಲಿಸುವ ವ್ಯವಸ್ಥೆಯೂ ಆಯಿಲ್ ಒತ್ತಡದಿಂದಲೇ ನಡೆಯುವಂಥದ್ದು.

ಎರಡನೆಯ ಅಂಕಿ ಬಿಸಿಯದು. 100 ಡಿಗ್ರಿಯಲ್ಲಿ 40ರ ಆಯಿಲ್ 12.5ರಿಂದ 16.3 ಸೆಂಟಿಸ್ಟೋಕ್ ಒಳಗಿರಬೇಕು. ‘ನಮ್ಮೂರ ಸೆಖೆ’ಯ ವಾದ ಮುರಿದು ಬೀಳುವುದು ಇಲ್ಲಿ. ಹೊರಗೆ 20 ಡಿಗ್ರಿ ಇರಲಿ, 38 ಇರಲಿ, ಥರ್ಮೋಸ್ಟಾಟ್ ಕೂಲೆಂಟನ್ನು ಒಂದೇ ಮಟ್ಟದಲ್ಲಿ ಇಟ್ಟಿರುತ್ತದೆ. ಈ ಇಂಜಿನ್‌ನಲ್ಲಿ ಆಯಿಲನ್ನು ತಣಿಸುವುದೂ ಅದೇ ಕೂಲೆಂಟ್. ಜರ್ಮನಿಯ ಹೆದ್ದಾರಿಯಲ್ಲಿ ಕಾಲು ಒತ್ತಿಯೇ ಓಡಿಸುವವನ ಇಂಜಿನ್ ತಳದ ಆಯಿಲ್ ಸಂಪಿನಲ್ಲಿ ಇರುವ ಶಾಖ ತುಮಕೂರು ರಸ್ತೆಯಲ್ಲಿ ತೆವಳುವ ನನ್ನ ಸಂಪಿನಲ್ಲಿ ಎಲ್ಲಿಂದ ಬರಬೇಕು?

ಇನ್ನು ಡಬ್ಬಿಯ ಮೇಲೆ ಎಲ್ಲೂ ನೇರವಾಗಿ ಬರೆಯದ, ಆದರೆ ಸ್ಪೋರ್ಟ್ಸ್ ಕಾರಿಗೆ ಎಲ್ಲಕ್ಕಿಂತ ಮುಖ್ಯವಾದ ಅಳತೆ ಒಂದಿದೆ: ಎಚ್‌ಟಿಎಚ್‌ಎಸ್. 150 ಡಿಗ್ರಿ ಶಾಖದಲ್ಲಿ, ಬೇರಿಂಗ್ ಒಳಗೆ ಆಗುವಂಥ ಜೋರಾದ ಎಳೆತದ ನಡುವೆ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಎಂಬುದು. ಕ್ರ್ಯಾಂಕ್ ಬೇರಿಂಗಿನಲ್ಲಿ ಲೋಹಕ್ಕೂ ಲೋಹಕ್ಕೂ ನಡುವೆ ಇರುವ ಜಾಗ ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ. 7,000 ಸುತ್ತಿನಲ್ಲಿ ಭಾರವನ್ನೆಲ್ಲ ಹೊರುವ ಆಯಿಲ್ ಪೊರೆ ಅದಕ್ಕಿಂತಲೂ ತೆಳು. ತಣ್ಣಗಿನ ಆಯಿಲನ್ನು ಬೆರಳಿಗೆ ಹಚ್ಚಿ ‘ದಪ್ಪ ಇದೆ’ ಅನ್ನುವುದಕ್ಕೂ ಆ ಜಾಗದಲ್ಲಿ ಆಗುವುದಕ್ಕೂ ಸಂಬಂಧವಿಲ್ಲ. 5ಡಬ್ಲ್ಯೂ-50ರಂಥ ಅಗಲ ಗ್ರೇಡಿನ ಆಯಿಲ್‌ನಲ್ಲಿ ಆ ಅಗಲ ಬಹುಮಟ್ಟಿಗೆ ಪಾಲಿಮರ್ ಅಡಿಟಿವ್‌ನಿಂದ ಬಂದಿರುತ್ತದೆ. ಗೇರು, ಚೈನುಗಳ ನಡುವೆ ಸಿಕ್ಕಿ ಆ ಪಾಲಿಮರ್ ಕತ್ತರಿಸಿಹೋಗುತ್ತದೆ, ಆಯಿಲ್ ತೆಳ್ಳಗಾಗುತ್ತದೆ. 50 ಎಂದು ಹಾಕಿದ್ದು ಕೆಲವು ಸಾವಿರ ಕಿಲೋಮೀಟರಿನಲ್ಲಿ 40 ಆಗಿ ಕೂತಿರುವುದು ಅಪರೂಪವಲ್ಲ.

ಹಾಗಾದರೆ ಡಬ್ಬಿ ನೋಡಿ ಇದನ್ನೆಲ್ಲ ತಿಳಿಯುವುದು ಹೇಗೆ? ಹಿಂಬದಿ ತಿರುಗಿಸಬೇಕು. ಅಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಎಪಿಐ, ಎಸಿಇಎ ಆದ ಮೇಲೆ ಕಾರು ಕಂಪನಿಗಳ ಹೆಸರು ಬರುತ್ತದೆ. ನನಗೆ ಬೇಕಾದದ್ದು ‘ಪೋರ್ಷೆ ಎ40’. ಇದು ಎಚ್‌ಟಿಎಚ್‌ಎಸ್ 3.5ಕ್ಕೆ ಕಡಿಮೆಯಿಲ್ಲದ, ಪೋರ್ಷೆ ತನ್ನ ಇಂಜಿನ್‌ನಲ್ಲೇ ಓಡಿಸಿ ನೋಡಿ ಒಪ್ಪಿದ ಆಯಿಲ್‌ಗೆ ಸಿಗುವ ಗುರುತು. ಪಕ್ಕದಲ್ಲೇ ‘ಸಿ30’ ಎಂದೂ ಇರಬಹುದು. ಅದು ಪೋರ್ಷೆಯ ಬೇರೆ ಕೆಲವು ಇಂಜಿನ್‌ಗಳಿಗೆ, ನನ್ನದಕ್ಕಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಕೆಲವು ಡಬ್ಬಿಗಳ ಮೇಲೆ ‘ಅಪ್ರೂವ್ಡ್’ ಎಂಬ ತಲೆಬರಹದ ಕೆಳಗೆ ಎ40 ಇರುತ್ತದೆ. ಇನ್ನು ಕೆಲವದರಲ್ಲಿ ‘ಸೂಟಬಲ್ ಫಾರ್’ ಎಂಬ ತಲೆಬರಹದ ಕೆಳಗೆ ಅದೇ ಎ40. ಮೊದಲನೆಯದನ್ನು ಹೇಳಿದ್ದು ಕಾರು ಮಾಡಿದವರು. ಎರಡನೆಯದನ್ನು ಹೇಳಿದ್ದು ಆಯಿಲ್ ಮಾರುವವರು, ತಮ್ಮ ಬಗ್ಗೆ ತಾವೇ. ಎರಡನೆಯದು ಕೆಟ್ಟ ಆಯಿಲ್ ಎಂದಲ್ಲ. ಪರೀಕ್ಷೆಗೆ ದುಡ್ಡು ಕಟ್ಟದ ಸಣ್ಣ ಕಂಪನಿಯ ಒಳ್ಳೆಯ ಮಾಲೂ ಇರಬಹುದು. ಆದರೆ ನಮ್ಮ ಶಾಪಿಗೆ ಬೇರಿಂಗ್ ಬಂದಾಗ ಟೆಸ್ಟ್ ಸರ್ಟಿಫಿಕೇಟ್ ಇಲ್ಲದೆ ಸ್ಟೋರಿನವರು ಒಳಗೆ ಬಿಡುವುದಿಲ್ಲ. ಇಂಜಿನ್‌ಗೂ ನನ್ನದು ಅದೇ ನಿಯಮ.

ಅಂಗಡಿಯಲ್ಲಿ ನಿಂತು ಓದಲು ಆಗದವರು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಬಹುದು. ಚಾಳೀಸು ಬಂದ ಮೇಲೆ ನಾನು ಮಾಡುವುದೂ ಅದನ್ನೇ.

ಸ್ಯಾನ್ ಹೋಸೆಯಲ್ಲಿರುವ ನನ್ನ ಎಂಜಿನಿಯರಿಂಗ್ ಕಾಲೇಜಿನ ಗೆಳೆಯ ಬಿಎಂಡಬ್ಲ್ಯೂ ಎಂ3 ಇಟ್ಟಿದ್ದಾನೆ, 2000ದ ದಶಕದ ಆರು ಸಿಲಿಂಡರಿನದು. ಅದಕ್ಕೆ ಕಂಪನಿ ಹೇಳಿದ್ದೇ 10ಡಬ್ಲ್ಯೂ-60. ಫೋನು ಮಾಡಿದಾಗಲೆಲ್ಲ ‘ಏನೋ ನೀನು, ಸ್ಪೋರ್ಟ್ಸ್ ಕಾರಿಗೆ ನೀರು ಹಾಕ್ತೀಯ’ ಅಂತ ಕಾಲೆಳೆಯುತ್ತಾನೆ. ಇನ್ನೊಂದು ಕಡೆ ಟೊಯೋಟಾ ಜಿಆರ್86 ಇದೆ. ಅದೂ ಅಪ್ಪಟ ಸ್ಪೋರ್ಟ್ಸ್ ಕಾರು, ಅದರ ಕೈಪಿಡಿ ಕೇಳುವುದು 0ಡಬ್ಲ್ಯೂ-20. ಬೇರಿಂಗಿನ ಜಾಗ, ಪಂಪಿನ ಶಕ್ತಿ, ಆಯಿಲ್ ತಣಿಸುವ ರೀತಿ ಎಲ್ಲವೂ ಇಂಜಿನ್‌ನಿಂದ ಇಂಜಿನ್‌ಗೆ ಬೇರೆ. ಸ್ಪೋರ್ಟ್ಸ್ ಕಾರಿನ ಆಯಿಲ್ ಎಂಬ ಒಂದು ಜಾತಿಯೇ ಇಲ್ಲ. ‘ರೇಸಿಂಗ್ ಆಯಿಲ್’ ಬಗ್ಗೆಯಂತೂ ಇನ್ನಷ್ಟು ಎಚ್ಚರ ಬೇಕು. ನಿಜವಾದ ರೇಸಿನವರು ಒಂದೆರಡು ರೇಸಿಗೆ ಆಯಿಲ್ ಬದಲಿಸಿಬಿಡುತ್ತಾರೆ. ವರ್ಷಗಟ್ಟಲೆ ಸಂಪಿನಲ್ಲಿ ಕೂತು ಆಮ್ಲವನ್ನು, ಮಸಿಯನ್ನು ಸಂಭಾಳಿಸುವ ಡಿಟರ್ಜೆಂಟ್ ಅವರಿಗೆ ಅಷ್ಟಾಗಿ ಬೇಕಿಲ್ಲ. ನಮಗೆ ಬೇಕು.

ತಂಗಿಯ ಮಗ ಪೋಲೋ ಜಿಟಿ ಟಿಎಸ್‌ಐ ತೆಗೆದುಕೊಂಡಾಗ ಕೇಳಿದ, ‘ಮಾವ, ನಿಮ್ಮ ಪೋರ್ಷೆಗೆ ತರೋವಾಗ ನನಗೂ ಅದನ್ನೇ ತಂದ್ಬಿಡಿ.’ ‘ಮೊದಲು ನಿನ್ನ ಕೈಪಿಡಿ ತೆಗೆದು ನೋಡೋ’ ಅಂದೆ. ಅವನದು ಟರ್ಬೊ ಇರುವ, ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಇಂಜಿನ್. ಅಂಥವುಗಳಲ್ಲಿ ಕಡಿಮೆ ವೇಗದಲ್ಲಿ ಆಕ್ಸಿಲರೇಟರ್ ಜೋರಾಗಿ ತುಳಿದಾಗ ಪೆಟ್ರೋಲು ಹೊತ್ತಿಗೆ ಮುಂಚೆಯೇ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಕಾಯಿಲೆ ಉಂಟು. ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ ಡಿಟರ್ಜೆಂಟ್ ಅದಕ್ಕೆ ಕುಮ್ಮಕ್ಕು ಕೊಡುತ್ತದೆ. 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯಲ್ಲಿ ಅದಕ್ಕಾಗಿಯೇ ಒಂದು ಪರೀಕ್ಷೆ ಇದೆ. ನನ್ನ ಇಂಜಿನ್‌ಗೆ ಟರ್ಬೊ ಇಲ್ಲ, ಪೆಟ್ರೋಲು ಬೀಳುವುದೂ ಇನ್‌ಟೇಕಿನಲ್ಲಿ. ಆ ಭಯವೇ ಇಲ್ಲ. ಹುಡುಗ ಫೋಕ್ಸ್‌ವ್ಯಾಗನ್ 502 00 ಎಂದು ಬರೆದುಕೊಂಡು ಹೋದ.

ಇಷ್ಟು ಆಯ್ಕೆಯ ಮಾತು. ಆದರೆ ಇಂಜಿನ್ ಆಯಿಲ್ ಬಗ್ಗೆ ನನ್ನ ಕಣ್ಣು ತೆರೆಸಿದ್ದು ಡಬ್ಬಿಯಲ್ಲ, ಒಂದು ಲ್ಯಾಬ್ ರಿಪೋರ್ಟ್. ಶಾಪಿನ ಹೈಡ್ರಾಲಿಕ್ ಪ್ರೆಸ್‌ಗಳ ಆಯಿಲನ್ನು ನಾವು ಆಗಾಗ ಪರೀಕ್ಷೆಗೆ ಕಳಿಸುತ್ತೇವೆ. ಒಮ್ಮೆ ಅದರ ಜೊತೆಗೇ ಕಾರಿನದನ್ನೂ ಕಳಿಸಿದೆ. ಸ್ಯಾಂಪಲ್ ತೆಗೆಯುವುದಕ್ಕೂ ಕ್ರಮವಿದೆ: ಇಂಜಿನ್ ಬಿಸಿಯಿರಬೇಕು, ಪ್ಲಗ್ ಬಿಚ್ಚಿದಾಗ ಮೊದಲು ಬರುವ ಗಷ್ಟನ್ನು ಬಿಟ್ಟು ಮಧ್ಯದ ಧಾರೆಗೆ ಬಾಟಲಿ ಹಿಡಿಯಬೇಕು. ಆಗ ಕಾರು ಮಲ್ಲೇಶ್ವರದ ಮನೆಯಿಂದ ಪೀಣ್ಯಕ್ಕೆ ದಿನಾ ಓಡಾಡುತ್ತಿತ್ತು. ದೂರ ಏನೂ ಇಲ್ಲ. ಹೊತ್ತೆಲ್ಲ ಗೊರಗುಂಟೆಪಾಳ್ಯದ ಸಿಗ್ನಲಿನಲ್ಲೇ ಹೋಗುವುದು.

ರಿಪೋರ್ಟಿನಲ್ಲಿ ಕಬ್ಬಿಣ, ತಾಮ್ರ ಎಲ್ಲ ಮಿತಿಯಲ್ಲೇ ಇದ್ದವು. ಸಿಲಿಕಾನ್ ಸ್ವಲ್ಪ ಮೇಲೆ, ಅಂದರೆ ಧೂಳು. ಮೆಟ್ರೊ ಕೆಲಸ, ಲಾರಿಗಳ ನಡುವೆ ಓಡುವ ಕಾರಿಗೆ ಏರ್ ಫಿಲ್ಟರ್ ಇನ್ನೂ ಬೇಗ ಬದಲಿಸಬೇಕು ಎಂದು ಅದರ ಅರ್ಥ. ಗಮನ ಸೆಳೆದದ್ದು ವಿಸ್ಕಾಸಿಟಿ. 100 ಡಿಗ್ರಿಯಲ್ಲಿ 12.5ಕ್ಕಿಂತ ಕೆಳಗೆ ಇಳಿದಿತ್ತು. 40 ಎಂದು ಹಾಕಿದ್ದ ಆಯಿಲ್ 30ರ ಆಯಿಲ್ ಆಗಿತ್ತು, ಕಾರಣ ಅದರಲ್ಲಿ ಬೆರೆತಿದ್ದ ಪೆಟ್ರೋಲ್. ಇಂಜಿನ್ ತಣ್ಣಗಿರುವಾಗ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಸುಡದೆ ಉಳಿದದ್ದು ಸಿಲಿಂಡರಿನ ಗೋಡೆಗುಂಟ ಜಾರಿ, ರಿಂಗ್ ದಾಟಿ ಸಂಪಿಗೆ ಇಳಿಯುತ್ತದೆ. ಆಯಿಲ್ ಚೆನ್ನಾಗಿ ಕಾದು, ಸ್ವಲ್ಪ ಹೊತ್ತು ಹಾಗೇ ಇದ್ದರೆ ಅದು ಆವಿಯಾಗಿ ಹೋಗುತ್ತದೆ. ಕಾಯುವ ಮೊದಲೇ ಆಫ್ ಮಾಡಿದರೆ ಅಲ್ಲೇ ಉಳಿಯುತ್ತದೆ.

ಈಗ ಬಂಕಿನಲ್ಲಿ ಸಿಗುವ ಇ20 ಇದನ್ನು ಇನ್ನಷ್ಟು ತೊಡಕು ಮಾಡಿದೆ. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಡುತ್ತದೆ, ಹಾಗಾಗಿ ತಣ್ಣಗಿನ ಇಂಜಿನ್‌ನಲ್ಲಿ ಅದರ ಕಾಟ ಹೆಚ್ಚು. ನೀರನ್ನೂ ಎಳೆದುಕೊಳ್ಳುತ್ತದೆ. ಆಯಿಲ್ ಕ್ಯಾಪ್ ಬಿಚ್ಚಿದಾಗ ಒಳಗೆ ಹಾಲಿನ ಕೆನೆಯಂಥ ತಿಳಿ ಕಂದು ಲೋಳೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಎದೆ ಬಡಿದುಕೊಳ್ಳುವ ಮೊದಲು, ಕಾರನ್ನು ಕಡೆಯ ಸಲ ದೂರ ಓಡಿಸಿದ್ದು ಯಾವಾಗ ಎಂದು ಯೋಚಿಸಿ. ಒಂದು ಸಮಾಧಾನವೂ ಉಂಟು: ‘ನಮ್ಮ ಪೆಟ್ರೋಲಲ್ಲಿ ಗಂಧಕ ಜಾಸ್ತಿ, ಫಾರಿನ್ ಆಯಿಲ್ ಆಗಿಬರಲ್ಲ’ ಎಂಬ ಹಳೆಯ ಮಾತು ಈಗ ನಡೆಯುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದಾಗಿನಿಂದ ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳಿದಿದೆ.

ಆ ರಿಪೋರ್ಟ್ ನೋಡಿದ ಮೇಲೆ ಆಯಿಲ್ ಬದಲಾಗಲಿಲ್ಲ, ಕಾರಿನ ದಿನಚರಿ ಬದಲಾಯಿತು. ಶಾಪಿಗೆ ಈಗ ಹಳೇ ಸ್ಕೂಟರೋ ಮೆಟ್ರೊನೋ. ಕೇಮನ್ ಭಾನುವಾರ ಬೆಳಿಗ್ಗೆ ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿಂದು ಬರುತ್ತದೆ, ಅಂದರೆ ನಾನು ತಿನ್ನುತ್ತೇನೆ, ಅದರ ಆಯಿಲ್ ಕಾಯುತ್ತದೆ. ಮನೆಯವಳಿಗೆ ಇದು ಆಯಿಲ್ ಆರೋಗ್ಯದ ಸವಾರಿ ಎಂದು ಹೇಳಿದ್ದೇನೆ. ನಂಬಿದ್ದಾಳೋ ಇಲ್ಲವೋ ಕೇಳಲು ಹೋಗಿಲ್ಲ. ಈ ಕಾರಿನಲ್ಲಿ ಕೂಲೆಂಟಿನ ಮುಳ್ಳು ಇದೆ, ಆಯಿಲ್ ಶಾಖದ ಮುಳ್ಳು ಇಲ್ಲ. ಕೂಲೆಂಟ್ ಮುಳ್ಳು ಮಧ್ಯಕ್ಕೆ ಬಂದ ಮೇಲೂ ಆಯಿಲ್ ಕಾಯಲು ಇನ್ನೂ ಹೊತ್ತು ಬೇಕು. ಕೆಂಗೇರಿ ದಾಟುವ ತನಕ ನಾನು ಇಂಜಿನ್ ಸುತ್ತಿನ ಮುಳ್ಳನ್ನು ಅರ್ಧಕ್ಕಿಂತ ಮೇಲೆ ಹೋಗಲು ಬಿಡುವುದಿಲ್ಲ. ಮುಂದಿನ ರಿಪೋರ್ಟಿನಲ್ಲಿ ವಿಸ್ಕಾಸಿಟಿ 40ರ ಗೆರೆಯೊಳಗೇ ಇತ್ತು.

ಬದಲಿಸುವ ಅವಧಿಯ ಬಗ್ಗೆ ಕೈಪಿಡಿ ಉದಾರವಾಗಿದೆ. ಅದು ಬರೆದವರ ಕಣ್ಣ ಮುಂದೆ ಇದ್ದದ್ದು ಖಾಲಿ ಹೆದ್ದಾರಿ. ನಮ್ಮ ಶಾಪಿನ ಕಂಪ್ರೆಸರ್‌ಗೆ ಗಂಟೆ ಮೀಟರ್ ಇದೆ, ಆಯಿಲ್ ಬದಲಿಸುವುದು ಗಂಟೆ ಲೆಕ್ಕದಲ್ಲಿ. ಸಿಗ್ನಲಿನಲ್ಲಿ ನಿಂತ ಕಾರಿನ ಓಡೋಮೀಟರ್ ಅಲ್ಲಾಡುವುದಿಲ್ಲ, ಒಳಗಿನ ಆಯಿಲ್ ಮಾತ್ರ ದುಡಿಯುತ್ತಲೇ ಇರುತ್ತದೆ. ಕಿಲೋಮೀಟರ್ ಎಷ್ಟೇ ಆಗಿರಲಿ, ವರ್ಷಕ್ಕೊಮ್ಮೆ ನಾನು ಬದಲಿಸುತ್ತೇನೆ. ಆಯುಧಪೂಜೆಯ ಹಿಂದಿನ ವಾರ ಗ್ಯಾರೇಜಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಮೇಸ್ತ್ರಿಗೂ ತಾಳ್ಮೆ ಇರುವುದಿಲ್ಲ. ಹಾಗಾಗಿ ಹಬ್ಬ ಮುಗಿದು, ಕಾರಿನ ಮೇಲಿನ ಕುಂಬಳಕಾಯಿ ಕುಂಕುಮ ತೊಳೆದ ಮೇಲೆ.

ಸಾಮಾನ್ಯ ಸಣ್ಣ ಕಾರಿಗೆ ಮೂರು, ಮೂರೂವರೆ ಲೀಟರು ಸಾಕು. ಇದಕ್ಕೆ ಎಂಟರ ಹತ್ತಿರ ಬೇಕು. ಸಂಪಿನ ಪ್ಲಗ್‌ಗೆ 8 ಎಂಎಂ ಆಲನ್ ಕೀ. ಅಲ್ಯುಮಿನಿಯಂ ವಾಷರ್ ಪ್ರತಿ ಸಲ ಹೊಸದು. ಹಳೆಯದನ್ನೇ ಉಜ್ಜಿ ಹಾಕಿದರೆ ಜಿನುಗುತ್ತದೆ. ಪ್ಲಗ್ ಬಿಗಿ 50 ನ್ಯೂಟನ್ ಮೀಟರ್. ಫಿಲ್ಟರಿನ ಮನೆ ಪ್ಲಾಸ್ಟಿಕ್, ಅದಕ್ಕೆ 25 ಸಾಕು. ಪಾನಾ ಹಿಡಿದು ‘ಇನ್ನೊಂದು ಏಟು’ ಹಾಕುವ ಹುಡುಗರ ಕೈಗೆ ಅದನ್ನು ಕೊಡಬಾರದು.

ನನಗೆ ಖುಷಿ ಕೊಡುವ ಕೆಲಸ ಆಮೇಲಿನದು. ಹಳೇ ಫಿಲ್ಟರಿನ ಕಾಗದವನ್ನು ಬ್ಲೇಡಿನಿಂದ ಎರಡೂ ತುದಿಯಲ್ಲಿ ಕೊಯ್ದು, ಬಟ್ಟೆಯಲ್ಲಿ ಸುತ್ತಿ ವೈಸ್‌ನಲ್ಲಿ ಹಿಂಡಿ, ನೆರಿಗೆ ನೆರಿಗೆಯಾಗಿ ಬಿಡಿಸಿ ಟ್ಯೂಬ್‌ಲೈಟಿನ ಕೆಳಗೆ ಹರಡುವುದು. ಸೀರೆ ನೆರಿಗೆಯಷ್ಟು ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ಮೊದಲು ಬರಿಗಣ್ಣು, ಆಮೇಲೆ ಭೂತಗನ್ನಡಿ, ಆಮೇಲೆ ಕಾಗದದ ಅಡಿಯಲ್ಲಿ ಮ್ಯಾಗ್ನೆಟ್ ಆಡಿಸುವುದು. ಮ್ಯಾಗ್ನೆಟ್ಟಿನ ಜೊತೆ ಜರುಗಿದರೆ ಉಕ್ಕು: ಬೇರಿಂಗ್ ಇರಬಹುದು, ಚೈನ್ ಇರಬಹುದು. ಹೊಳೆದರೂ ಜರುಗದಿದ್ದರೆ ಅಲ್ಯುಮಿನಿಯಂ. ಕಂದು ಬಣ್ಣದ, ಉಗುರಿನ ತುದಿಯಂಥ ಚೂರು ಕಂಡರೆ ಟೈಮಿಂಗ್ ಚೈನಿನ ಗೈಡ್‌ಗಳ ಪ್ಲಾಸ್ಟಿಕ್. ಮೊದಲ ಸಲ ಕೊಯ್ದಾಗ ಕಪ್ಪಗೆ ಎಳೆ ಎಳೆಯಾಗಿ ಏನೋ ಸಿಕ್ಕಿತು. ಮೇಸ್ತ್ರಿ ಅದನ್ನು ಬೆರಳಲ್ಲಿ ಹೊಸಕಿ ನೋಡಿ, ‘ಗ್ಯಾಸ್ಕೆಟ್ ಪೇಸ್ಟು ಸಾರ್, ಯಾರೋ ಹಿಂದೆ ಸಂಪ್ ಬಿಚ್ಚಿ ಧಾರಾಳವಾಗಿ ಬಳಿದವ್ರೆ’ ಅಂದರು. ಸಂಪ್ ಯಾಕೆ ಬಿಚ್ಚಿದ್ದರು ಎಂದು ಮಾರಿದವರು ಹೇಳಿರಲಿಲ್ಲ. ಈ ತಲೆಮಾರಿನ ಪೋರ್ಷೆ ಇಂಜಿನ್‌ಗಳಲ್ಲಿ ಮಧ್ಯದ ಶಾಫ್ಟಿನ ಬೇರಿಂಗ್ ಮತ್ತು ಸಿಲಿಂಡರ್ ಗೀರು, ಇವೆರಡು ಹೆಸರಾದ ಭಯಗಳು. ಬೇರಿಂಗ್ ಸವೆಯಲು ಶುರುವಾದರೆ ಮೊದಲ ಸುಳಿವು ಕೊಡುವುದು ಹೀಗೆ ಬಿಡಿಸಿದ ಕಾಗದವೇ. ಎಷ್ಟೇ ದುಬಾರಿ ಆಯಿಲ್ ಹಾಕಿದರೂ ಈ ಹತ್ತು ನಿಮಿಷದ ಕೆಲಸ ತಪ್ಪಿಸಬಾರದು.

ಆಯಿಲ್ ಕಪ್ಪಾಯಿತೆಂದು ಗಾಬರಿಯಾಗುವವರಿಗೆ ಒಂದು ಮಾತು: ಮಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಡಿಟರ್ಜೆಂಟ್ ಕೆಲಸ. ಬಣ್ಣದಿಂದ ಏನೂ ತಿಳಿಯುವುದಿಲ್ಲ. ಕೌಂಟರಿನಲ್ಲಿ ಸಣ್ಣ ಬಾಟಲಿಯಲ್ಲಿ ಮಾರುವ, ಜೇನಿನಂಥ ‘ಇಂಜಿನ್ ಟಾನಿಕ್’ಗಳನ್ನೂ ನಾನು ಮುಟ್ಟುವುದಿಲ್ಲ. ಎ40 ಕೊಟ್ಟದ್ದು ಡಬ್ಬಿಯಲ್ಲಿದ್ದ ಮಿಶ್ರಣಕ್ಕೆ. ಅದರ ಮೇಲೆ ಇನ್ನೇನೋ ಸುರಿದರೆ ಆ ಗುರುತಿಗೆ ಬೆಲೆಯಿಲ್ಲ.

ನಕಲಿ ಮಾಲಿನ ಭಯ ಮಾತ್ರ ನಿಜವಾದದ್ದು. ಒಳ್ಳೆಯ ಬ್ರ್ಯಾಂಡಿನ ಖಾಲಿ ಡಬ್ಬಿ ಮುಚ್ಚಳ ಸಮೇತ ಸಿಕ್ಕರೆ ಗುಜರಿಯಲ್ಲಿ ಬರಿ ಪ್ಲಾಸ್ಟಿಕ್ಕಿಗಿಂತ ಹೆಚ್ಚು ಬೆಲೆ. ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ನಾನು ಮಾಡುವುದು ಇಷ್ಟು: ಕಂಪನಿಯ ಅಧಿಕೃತ ವಿತರಕರಲ್ಲಿ ಬಿಲ್ ಹಾಕಿಸಿ ತರುವುದು, ಮುಚ್ಚಳದ ಸೀಲು, ಬ್ಯಾಚ್ ನಂಬರ್ ನೋಡುವುದು, ಎಲ್ಲ ಡಬ್ಬಿಯೂ ಒಂದೇ ಬ್ಯಾಚಿನದೇ ಎಂದು ತಾಳೆ ಹಾಕುವುದು. ಖಾಲಿಯಾದ ಮೇಲೆ ಮೇಸ್ತ್ರಿ ಪ್ರತಿ ಡಬ್ಬಿಯ ತಳಕ್ಕೂ ಸ್ಕ್ರೂಡ್ರೈವರ್ ಚುಚ್ಚಿ ತೂತು ಮಾಡುತ್ತಾರೆ.

ಟ್ರ್ಯಾಕಿನ ವಿಷಯ ಬೇರೆ. ಕರ್ನಾಟಕದಲ್ಲಿ ಕಾಯಂ ರೇಸ್ ಟ್ರ್ಯಾಕ್ ಇಲ್ಲದ್ದರಿಂದ ನಾವು ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗುತ್ತೇವೆ. ಅಲ್ಲಿ ಮಾತ್ರ ಆಯಿಲ್ ನಿಜವಾಗಿ ಸುಡುತ್ತದೆ. ತಿರುವಿನಲ್ಲಿ ಸಂಪಿನ ಆಯಿಲೆಲ್ಲ ಒಂದು ಬದಿಗೆ ಸರಿದು ಪಂಪು ಗಾಳಿ ಎಳೆಯುವ ಅಪಾಯವೂ ಅಲ್ಲೇ. ಇದಕ್ಕೆ ದಪ್ಪ ಆಯಿಲ್ ಪರಿಹಾರವಲ್ಲ. ಹೊರಡುವ ಮುನ್ನ ಮಟ್ಟ ಪೂರ್ತಿ ಇರಬೇಕು, ಕೆಲವು ಸುತ್ತಾದ ಮೇಲೆ ಒಂದು ಸುತ್ತು ನಿಧಾನಕ್ಕೆ ಓಡಿಸಿ ತಣಿಸಬೇಕು, ಬಂದ ಮೇಲೆ ಆ ಆಯಿಲನ್ನು ವರ್ಷ ತುಂಬಲಿ ಎಂದು ಕಾಯಬಾರದು. ಗಂಭೀರವಾಗಿ ಟ್ರ್ಯಾಕಿಗಿಳಿಯುವವರು ಸಂಪಿನೊಳಗೆ ತಡೆಗೋಡೆಗಳನ್ನೇ ಹಾಕಿಸುತ್ತಾರೆ. ನನ್ನ ಓಡಾಟಕ್ಕೆ ಅಷ್ಟು ಬೇಕೆನಿಸಿಲ್ಲ.

ಇಳಿಸಿದ ಎಂಟು ಲೀಟರ್ ಹಳೇ ಆಯಿಲ್ ನಮ್ಮ ಶಾಪಿನ ಡ್ರಮ್ಮಿಗೆ ಹೋಗುತ್ತದೆ. ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ, ಪರವಾನಗಿ ಇರುವವರೇ ಒಯ್ಯಬೇಕು. ಪಕ್ಕದ ಸೈಟಿನಲ್ಲಿ ಕಟ್ಟಡ ಎಬ್ಬಿಸುತ್ತಿರುವ ಗಾರೆ ಮೇಸ್ತ್ರಿ ಆಗಾಗ ಬಂದು ಕೇಳುತ್ತಾರೆ, ‘ಸಾರ್, ಆ ಕಪ್ಪಾಯಿಲ್ ಒಂದು ಕ್ಯಾನ್ ಕೊಡಿ, ಸೆಂಟ್ರಿಂಗ್ ಶೀಟಿಗೆ ಬಳಿಯೋಕೆ.’ ಕೊಡುವುದಿಲ್ಲ ಎಂದಾಗ, ‘ಪೋರ್ಷೆ ಆಯಿಲ್ಲು ಅಂತ ಬಿಗುಮಾನನಾ ಸಾರ್?’ ಎಂದು ನಗುತ್ತಾರೆ. ಶೀಟಿಗೆ ಬಳಿಯಲೆಂದೇ ಮಾಡಿದ ಎಣ್ಣೆ ಸಿಗುತ್ತದೆ, ಯಾವ ಅಂಗಡಿಯಲ್ಲಿ ಎಂದು ಬರೆದುಕೊಟ್ಟಿದ್ದೇನೆ. ಇನ್ನೂ ಹೋದಂತಿಲ್ಲ.